ಗುಡ್‌ರಿಚ್ ಕೋಟೆ: ಚೌಕದ ಬುಡ, ದುಂಡು ಬುರುಜು

ಇಂಗ್ಲೆಂಡಿನ ಹೆರಿಫರ್ಡ್‌ಶೈರ್‌ನಲ್ಲಿ, ವೈ ನದಿಯ ಹಾಯ್ಗಡವನ್ನು ಕಾಯುವ ದಿಣ್ಣೆಯ ಮೇಲೆ ಗುಡ್‌ರಿಚ್ ಕೋಟೆ ಇದೆ. ಸುತ್ತಲಿನದು ಹಳ್ಳಿಗಾಡಿನ ಪುಟ್ಟ ಊರು. 1101ರ ಸುಮಾರಿನ ದಾಖಲೆ ಕೋಟೆಯನ್ನು, ಗಾಡ್ರಿಕ್ ಎಂಬ ಜಮೀನುದಾರನ ಹೆಸರಿನಲ್ಲಿ, 'ಗಾಡ್ರಿಕ್‌ನ ಕೋಟೆ' ಎನ್ನುತ್ತದೆ. ಊರಿಗೂ ಆ ಹೆಸರೇ ನಿಂತಿತು.

ಇಲ್ಲಿ ಕಲ್ಲಿನ ಬಣ್ಣವೇ ಕಾಲವನ್ನು ಹೇಳುತ್ತದೆ. ಬೂದು ಮರಳುಗಲ್ಲಿನ ಚೌಕ ಗೋಪುರ 12ನೇ ಶತಮಾನದ ನಡುಭಾಗದ್ದು. ಅದರ ಮೊದಲ ಬಾಗಿಲು ಇದ್ದದ್ದು ನೆಲದಲ್ಲಲ್ಲ, ಮೇಲಿನ ಅಂತಸ್ತಿನಲ್ಲಿ. ಸುತ್ತಲಿನ ಕೆಂಪು ಗೋಡೆ, ಬುರುಜುಗಳು 13ನೇ ಶತಮಾನದ ಕೊನೆಯಲ್ಲಿ ಕೋಟೆಯ ಒಡೆಯನಾಗಿದ್ದ ವಿಲಿಯಂ ಡಿ ವ್ಯಾಲೆನ್ಸ್‌ನ ಮನೆತನ ಕಟ್ಟಿಸಿದ್ದು. ಆ ಕೆಂಪು ಕಲ್ಲು ದೂರದಿಂದ ಬಂದದ್ದಲ್ಲ. ಬಂಡೆ ಕಡಿದು ಒಣ ಕಂದಕ ತೋಡಿದರು, ತೆಗೆದ ಕಲ್ಲನ್ನೇ ಗೋಡೆಗೆ ಏರಿಸಿದರು.

ಆ ಕಾಲದ ಗೋಡೆಗೆ ದೊಡ್ಡ ಅಪಾಯವಿದ್ದದ್ದು ಬುಡದಲ್ಲಿ. ಮುತ್ತಿಗೆ ಹಾಕಿದವರು ಅಡಿಪಾಯದ ಕೆಳಗೆ ಸುರಂಗ ಕೊರೆದು, ಮರದ ಕಂಬಗಳ ಆಸರೆ ಕೊಟ್ಟು, ಕೊನೆಗೆ ಅದಕ್ಕೆ ಬೆಂಕಿ ಇಡುತ್ತಿದ್ದರು. ಕಂಬ ಸುಟ್ಟರೆ ಮೇಲಿನ ಗೋಡೆ ಕುಸಿಯುತ್ತದೆ. 1215ರಲ್ಲಿ ರಾಚೆಸ್ಟರ್ ಕೋಟೆಗೆ ಮುತ್ತಿಗೆ ಹಾಕಿದ ಇಂಗ್ಲೆಂಡಿನ ದೊರೆ ಜಾನ್, ಬೆಂಕಿ ಜೋರಾಗಿ ಉರಿಯಲು ಕೊಬ್ಬು ಬೇಕೆಂದು 40 ಕೊಬ್ಬಿದ ಹಂದಿಗಳನ್ನು ತರಿಸಿದ. ಚೌಕ ಗೋಪುರದ ಒಂದು ಮೂಲೆಯೇ ಉರುಳಿತು. ಅದನ್ನು ಮತ್ತೆ ಕಟ್ಟಿದಾಗ ಆ ಮೂಲೆ ದುಂಡಾಯಿತು. ಮೂಲೆಗಲ್ಲನ್ನು ಮೀಟಿ ಕಿತ್ತರೆ ಎರಡು ಗೋಡೆ ಒಟ್ಟಿಗೆ ಸಡಿಲವಾಗುತ್ತವೆ, ದುಂಡು ಗೋಡೆಯಲ್ಲಿ ಆ ಮೂಲೆಯೇ ಇರುವುದಿಲ್ಲ.

ಗುಡ್‌ರಿಚ್ ಒಂದು ಹೆಜ್ಜೆ ಮುಂದೆ ಹೋಯಿತು. ಇಲ್ಲಿ ಬುರುಜಿನ ಬುಡ ಚೌಕ, ಮೇಲ್ಭಾಗ ದುಂಡು. ಚೌಕದ ಮೂಲೆಗಳಿಂದ ಪಿರಮಿಡ್ಡಿನಂಥ ಕಲ್ಲಿನ ಇಳಿಜಾರು ಎದ್ದು, ಕಿರಿದಾಗುತ್ತ ಹೋಗಿ ದುಂಡಿನಲ್ಲಿ ಕರಗುತ್ತದೆ. ಕೊರೆಯುವವರು ಮುಟ್ಟುವ ಕಡೆಯಲ್ಲೇ ಕಲ್ಲಿನ ದಪ್ಪ ಅತಿ ಹೆಚ್ಚು, ಅದರ ಕೆಳಗೆ ಬರೀ ಬಂಡೆ. ಇಡೀ ಕೋಟೆಯಲ್ಲಿ ಇದಕ್ಕಿಂತ ಚೆಂದದ ರಚನೆ ಇನ್ನೊಂದಿಲ್ಲ.

ಇಂಗ್ಲೆಂಡಿನ ದೊರೆಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದಲ್ಲಿ, 1646ರಲ್ಲಿ, ಸಂಸತ್ತಿನ ಪಡೆಯ ಕರ್ನಲ್ ಜಾನ್ ಬರ್ಚ್ ಮೊದಲು ಕೋಟೆಯ ನೀರಿನ ಕೊಳವೆ ಕಡಿಸಿದ, ಆಮೇಲೆ ವಾಯವ್ಯದ ಬುರುಜಿನ ಕೆಳಗೆ ಸುರಂಗ ತೋಡಿಸಿದ. ಒಳಗಿದ್ದ ದೊರೆಯ ಕಡೆಯವರು ಅದಕ್ಕೆದುರಾಗಿ ತಮ್ಮದೇ ಸುರಂಗ ಕೊರೆದರು. ಆಗ ಬರ್ಚ್, 'ರೋರಿಂಗ್ ಮೆಗ್' ಎಂಬ ಗಿಡ್ಡ ಫಿರಂಗಿಯನ್ನು ಇರುಳಲ್ಲೇ ಗೋಡೆಯ ಹತ್ತಿರಕ್ಕೆ ತಂದ. ಬಾಯಿ ಸುಮಾರು 15 ಅಂಗುಲ ಅಗಲ. ಬುರುಜು ಉರುಳಿ, ಒಳಗಿನವರ ಸುರಂಗವೂ ಅದರಡಿ ಮುಚ್ಚಿಹೋಯಿತು. ಜುಲೈ 31ರಂದು ಕೋಟೆ ಶರಣಾಯಿತು. ಆ ಫಿರಂಗಿ ಈಗ ಅದೇ ಕೋಟೆಯ ಅಂಗಳದಲ್ಲಿದೆ.