ಶೇಕಡಾ ಅರವತ್ತು ಎಂದರೆ ಯಾವುದರ ಅರವತ್ತು?

160 ಸೆಂಟಿಮೀಟರ್ ಎತ್ತರದ, 115 ಕಿಲೋ ತೂಕದ ಮಹಿಳೆಯೊಬ್ಬರು ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಮನಸ್ಸಿನಲ್ಲಿರುವ ಗುರಿ 60 ಕಿಲೋ. ಇಪ್ಪತ್ತರ ಹರೆಯದಲ್ಲಿ ಅವರ ತೂಕ ಅಷ್ಟೇ ಇತ್ತು. ಚಿಕಿತ್ಸೆ ತೊಡಕಿಲ್ಲದೆ ಮುಗಿದು, ಒಂದೂವರೆ ವರ್ಷದ ನಂತರ ತೂಕದ ಯಂತ್ರ 83 ಕಿಲೋ ತೋರಿಸಿ ಅಲ್ಲೇ ನಿಂತಾಗ, 32 ಕಿಲೋ ಇಳಿಸಿಕೊಂಡ ಅವರು ತಾವು ಸೋತೆವೆಂದು ಕುಗ್ಗುತ್ತಾರೆ. ವೈದ್ಯರ ಕಣ್ಣಿಗೆ ಮಾತ್ರ ಅದು ಒಳ್ಳೆಯ ಫಲಿತಾಂಶ.

ಈ ಅಂತರ ಹುಟ್ಟುವುದು ಬಹುಮಟ್ಟಿಗೆ ಲೆಕ್ಕದ ಗೊಂದಲದಿಂದ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, ಆರೋಗ್ಯಕರ ತೂಕದ ಮೇಲಿನ ಮಿತಿಯಾದ 25 ಆಗಿರಬೇಕಾದರೆ ಈ ಮಹಿಳೆಯ ತೂಕ 64 ಕಿಲೋ ಇರಬೇಕು. ಅದಕ್ಕಿಂತ ಮೇಲಿನ 51 ಕಿಲೋ 'ಹೆಚ್ಚುವರಿ ತೂಕ'. ಇಳಿದ 32 ಕಿಲೋ ಈ ಹೆಚ್ಚುವರಿಯ ಶೇ 63ರಷ್ಟಾದರೆ, ಒಟ್ಟು ತೂಕದ ಶೇ 28ರಷ್ಟು ಮಾತ್ರ. ಎರಡೂ ಸರಿಯಾದ ಲೆಕ್ಕಗಳೇ. ಆದರೆ 'ಶೇ 60 ಇಳಿಯುತ್ತದೆ' ಎಂದು ಕೇಳಿಸಿಕೊಂಡವರು ಅದು ಯಾವುದರ ಶೇ 60 ಎಂದು ಮರುಪ್ರಶ್ನೆ ಹಾಕುವುದು ಅಪರೂಪ. ಒಟ್ಟು ತೂಕದ ಲೆಕ್ಕವೇ ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ. ಆ ಲೆಕ್ಕದಲ್ಲಿ, ಮೊದಲ ಒಂದೆರಡು ವರ್ಷಗಳಲ್ಲಿ ಜಠರವನ್ನು ಕತ್ತರಿಸಿ ಕಿರಿದಾಗಿಸುವ ಸ್ಲೀವ್ ವಿಧಾನದಿಂದ ಸರಾಸರಿ ಶೇ 25ರ ಆಸುಪಾಸಿನಲ್ಲೂ, ಜಠರವನ್ನು ಚಿಕ್ಕ ಚೀಲವಾಗಿಸಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಬೈಪಾಸ್‌ನಿಂದ ಶೇ 30ರ ಆಸುಪಾಸಿನಲ್ಲೂ ತೂಕ ಇಳಿಯುತ್ತದೆ. ಇದು ಸರಾಸರಿಯಾದ್ದರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಸಾಕಷ್ಟು ಏರುಪೇರು ಇದ್ದೇ ಇರುತ್ತದೆ.

ಇಳಿಕೆ ಒಂದು ಹಂತದಲ್ಲಿ ನಿಲ್ಲುವುದೇಕೆ? ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದುಹಾಕುವುದರಿಂದ ಊಟ ಕುಗ್ಗುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಜಾಗವೂ ಅದರ ಜೊತೆಗೇ ಹೋಗುತ್ತದೆ. ಇತ್ತ ದೇಹ ಚಿಕ್ಕದಾದಂತೆ ಅದರ ಖರ್ಚೂ ತಗ್ಗುತ್ತದೆ. 115 ಕಿಲೋ ಹೊತ್ತು ಮೆಟ್ಟಿಲು ಹತ್ತಲು ಬೇಕಿದ್ದಷ್ಟು ಶಕ್ತಿ 83 ಕಿಲೋಗೆ ಬೇಡ, ಸುಮ್ಮನೆ ಕುಳಿತಾಗಿನ ಖರ್ಚೂ ಮೊದಲಿನಷ್ಟಿಲ್ಲ. ತಿನ್ನುವುದೂ ಖರ್ಚಾಗುವುದೂ ಸರಿಸಮವಾದ ದಿನ ಇಳಿಕೆ ನಿಲ್ಲುತ್ತದೆ. ಶಿಸ್ತು ತಪ್ಪಿದ್ದರಿಂದಲೇ ಹಾಗಾಯಿತು ಎನ್ನುವಂತಿಲ್ಲ.

ಇದಕ್ಕಿಂತ ಮೊದಲೇ, ಕೆಲವೇ ವಾರಗಳಲ್ಲಿ, ಇನ್ನೊಂದು ಚಿಕ್ಕ ನಿಲುಗಡೆ ಅನೇಕರನ್ನು ಗಾಬರಿಗೊಳಿಸುತ್ತದೆ. ಆರಂಭದ ದಿನಗಳಲ್ಲಿ ದೇಹ ಬಳಸಿಕೊಳ್ಳುವುದು ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಅನ್ನು. ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುವುದರಿಂದ ತೂಕ ಸರಸರನೆ ಇಳಿಯುತ್ತದೆ. ಆ ನೀರಿನ ಲೆಕ್ಕ ಮುಗಿದ ಮೇಲೆ ಇಳಿಕೆಯ ವೇಗ ತಗ್ಗುತ್ತದೆ, ಕೆಲವೊಮ್ಮೆ ಒಂದೆರಡು ವಾರ ಅಂಕಿ ಕದಲುವುದೇ ಇಲ್ಲ, ಆದರೂ ಬಟ್ಟೆ ಸಡಿಲವಾಗುತ್ತಿರಬಹುದು. ದಿನಕ್ಕೆ ಮೂರು ಬಾರಿ ಯಂತ್ರದ ಮೇಲೆ ನಿಲ್ಲುವವರಿಗೆ ಈ ದಿನಗಳು ಬಹಳ ಕಷ್ಟ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ ತಿಂಗಳ ಜಾಡನ್ನು ನೋಡುವುದು ಲೇಸು.

ಗುರಿ ಇಟ್ಟುಕೊಳ್ಳುವಾಗ ಮುಂದಿನ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 1987ರಲ್ಲಿ ಸ್ವೀಡನ್‌ನಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದಲ್ಲಿ, ಬೈಪಾಸ್ ಮಾಡಿಸಿಕೊಂಡವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ 32ರಷ್ಟು ಇಳಿದಿತ್ತು. ಹತ್ತು ವರ್ಷಗಳ ಹೊತ್ತಿಗೆ ಆ ಇಳಿಕೆ ಶೇ 25ಕ್ಕೆ ಬಂದಿತ್ತು. ಕೆಲವು ಕಿಲೋ ಮರಳುವುದು ವಾಡಿಕೆ ಎಂದಾಯಿತು. ಹಾಗಿದ್ದೂ, ಶಸ್ತ್ರಚಿಕಿತ್ಸೆಗೆ ಒಳಗಾದವರ ಗುಂಪಿನಲ್ಲಿ ಸಾವಿನ ಪ್ರಮಾಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರ ಗುಂಪಿಗಿಂತ ಕಡಿಮೆಯಿತ್ತು.

83 ಕಿಲೋದಲ್ಲಿ ನಿಂತ ಆ ಮಹಿಳೆಯ ಬಿಎಂಐ ಈಗಲೂ 32. ಪಟ್ಟಿಯ ಪ್ರಕಾರ ಅವರು ಇನ್ನೂ ಬೊಜ್ಜಿನ ವರ್ಗದಲ್ಲೇ ಇದ್ದಾರೆ. ಆದ್ದರಿಂದ ಚಿಕಿತ್ಸೆಗೆ ಮುನ್ನವೇ ವೈದ್ಯರೊಡನೆ ಕುಳಿತು, 80ರಿಂದ 86 ಕಿಲೋ ಎಂಬಂಥ ಒಂದು ಹರವನ್ನು ಗುರುತಿಸಿಕೊಂಡು, ಅದರ ಪಕ್ಕದಲ್ಲಿ ಬೇರೆ ಗುರಿಗಳನ್ನೂ ಬರೆದುಕೊಳ್ಳಬಹುದು: ಮಧುಮೇಹದ ಮಾತ್ರೆ ಎಷ್ಟು ಕಡಿಮೆಯಾಗಬೇಕು, ಮಂಡಿನೋವಿಲ್ಲದೆ ಎಷ್ಟು ದೂರ ನಡೆಯಬೇಕು, ದಿನಕ್ಕೆ ಬೇಕಾದ 60 ಗ್ರಾಂ ಪ್ರೋಟೀನು ತಪ್ಪದೆ ಹೊಟ್ಟೆಗೆ ಹೋಗುತ್ತಿದೆಯೇ, ಬಿ12 ಮತ್ತು ಕಬ್ಬಿಣಾಂಶದ ರಕ್ತಪರೀಕ್ಷೆ ಪ್ರತಿವರ್ಷ ನಡೆಯುತ್ತಿದೆಯೇ. ತೂಕ ಆ ಹರವನ್ನು ದಾಟಿ ಏರತೊಡಗಿದರೆ ನಾಚಿಕೆಯಿಂದ ತಪಾಸಣೆ ತಪ್ಪಿಸುವ ಬದಲು ಬೇಗನೆ ಹೋಗುವುದು ಒಳ್ಳೆಯದು. ಆಹಾರದ ಮರುಹೊಂದಿಕೆಯಿಂದ ಹಿಡಿದು ಔಷಧಿಯವರೆಗೆ ಆಗ ಮಾಡಬಹುದಾದದ್ದು ಬಹಳಷ್ಟಿದೆ.