ಸಿಂಥಸೈಜರ್‌ಗೂ ಮೊದಲು: ಟೇಪು, ಬ್ಲೇಡು ಮತ್ತು ಎಲೆಕ್ಟ್ರಾನಿಕ್ ಸಂಗೀತ

ಎಲೆಕ್ಟ್ರಾನಿಕ್ ಸಂಗೀತ ಅಂದ ಕೂಡಲೇ ಎಲ್ಲರೂ ಸಿಂಥಸೈಜರ್‌ನಿಂದ, ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ವಾದ್ಯದಿಂದ, ಶುರು ಮಾಡುತ್ತಾರೆ. ಆದರೆ ಅಮೆರಿಕದ ಎಂಜಿನಿಯರ್ ರಾಬರ್ಟ್ ಮೂಗ್ ತನ್ನ ಸಿಂಥಸೈಜರ್ ತೋರಿಸಿದ್ದು 1964ರಲ್ಲಿ. ಅಷ್ಟರಲ್ಲಿ ಒಳ್ಳೊಳ್ಳೆ ಕೃತಿಗಳು ಆಗಲೇ ಬಂದಿದ್ದವು. ಓದುವಾಗ ಹೆಸರು, ಇಸವಿ ಸುಮ್ನೆ ಬಾಯಿಪಾಠ ಮಾಡಬೇಡಿ. ಪ್ರತಿಯೊಬ್ಬರ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವರಿಗೆ ಸದ್ದು ಎಲ್ಲಿಂದ ಸಿಕ್ಕಿತು?

ಉತ್ತರ ಎರಡೇ. ಒಂದು, ಸರ್ಕ್ಯೂಟಿನಿಂದ. 1920ರ ಸುಮಾರಿಗೆ ರಷ್ಯಾದ ಲೆವ್ ಥೆರೆಮಿನ್ ಮಾಡಿದ, ಮುಟ್ಟದೇ ನುಡಿಸುವ ವಾದ್ಯ ಈ ಗುಂಪಿನದು. ಎರಡು, ರೆಕಾರ್ಡ್ ಮಾಡಿದ ಲೋಕದ ಸದ್ದಿನಿಂದ. ಈ ಎರಡನೆಯದಕ್ಕೆ ಪ್ಯಾರಿಸ್ ರೇಡಿಯೋದ ಪಿಯರ್ ಷೆಫರ್ ಹೆಸರು ಹೇಳುತ್ತಾರೆ. ಸರಿಯೇ, ಆದರೆ 1944ರಲ್ಲೇ ಕೈರೋದಲ್ಲಿ ಹಲೀಂ ಎಲ್-ದಬ್ ಎಂಬ ಯುವಕ ತಂತಿ ರೆಕಾರ್ಡರ್ (ಟೇಪಿನ ಬದಲು ಲೋಹದ ತಂತಿಯ ಮೇಲೆ ಸದ್ದು ಹಿಡಿಯುವ ಯಂತ್ರ) ಹಿಡಿದು ಒಂದು ಆಚರಣೆಯ ಹಾಡು ಹಿಡಿದಿಟ್ಟುಕೊಂಡು, ಪ್ರತಿಧ್ವನಿ ಸೇರಿಸಿ ಬೇರೆಯೇ ಕೃತಿ ಮಾಡಿದ್ದ. ಬಹಳಷ್ಟು ಪಟ್ಟಿಗಳಲ್ಲಿ ಅವನ ಹೆಸರೇ ಇರುವುದಿಲ್ಲ.

ಷೆಫರ್ 1948ರಲ್ಲಿ ರೈಲಿನ ಸದ್ದುಗಳಿಂದ ಒಂದು ಕೃತಿ ಕಟ್ಟಿದ. ಆಗ ಅವನ ಕೈಯಲ್ಲಿ ಟೇಪೂ ಇರಲಿಲ್ಲ, ಬರೀ ಡಿಸ್ಕು. ಡಿಸ್ಕಿನ ಸುರುಳಿ ಗೆರೆಯನ್ನು ಒಂದು ಸುತ್ತಿಗೇ ಮುಚ್ಚಿಬಿಟ್ಟರೆ ಮುಳ್ಳು ಅಲ್ಲೇ ಸುತ್ತುತ್ತದೆ, ಅದೇ ತುಣುಕು ಮತ್ತೆ ಮತ್ತೆ ಕೇಳುತ್ತದೆ. ಇವತ್ತಿನ ಲೂಪ್ ಅದೇ ಅಲ್ವಾ? ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. ಗಂಟೆಯ ಸದ್ದಿನಲ್ಲಿ ಹೊಡೆತ ಬೀಳುವ ಮೊದಲ ಕ್ಷಣ ತೆಗೆದುಹಾಕಿದರೆ, ಉಳಿದದ್ದು ಗಂಟೆ ಅಂತ ಗೊತ್ತೇ ಆಗುವುದಿಲ್ಲ. ವಾದ್ಯದ ಗುರುತು ಶುರುವಿನ ಆ ಚೂರಿನಲ್ಲೇ ಜಾಸ್ತಿ ಇರುತ್ತದೆ.

ಜರ್ಮನಿಯ ಕಲೋನ್ ರೇಡಿಯೋದವರು ಇದಕ್ಕೆ ತದ್ವಿರುದ್ಧ. ಆಸಿಲೇಟರ್‌ನ (ಒಂದೇ ಸಮನೆ ಸ್ವರ ಹೊರಡಿಸುವ ವಿದ್ಯುತ್ ಉಪಕರಣ) ಶುದ್ಧ ಸ್ವರಗಳನ್ನು ಪೇರಿಸಿ ಹೊಸ ಸದ್ದು ಕಟ್ಟಬೇಕು ಅಂತ ಹೊರಟರು. ಕೊನೆಗೆ ಅಲ್ಲಿಯವನೇ ಆದ ಸಂಗೀತಕಾರ ಸ್ಟಾಕ್‌ಹೌಸನ್ 1956ರಲ್ಲಿ ಒಬ್ಬ ಹುಡುಗನ ಕಂಠವನ್ನೂ ಎಲೆಕ್ಟ್ರಾನಿಕ್ ಸ್ವರವನ್ನೂ ಒಟ್ಟಿಗೆ ಬೆರೆಸಿದ. ಈ ಎರಡು ಗುಂಪುಗಳ ಜಗಳ ಅಲ್ಲಿಗೆ ಹೆಚ್ಚುಕಮ್ಮಿ ಮುಗಿಯಿತು.

ಈಗ ಡೀಲಿಯಾ ಡರ್ಬಿಷೈರ್. ಸ್ವಲ್ಪ ನಿಧಾನ ಓದಿ. ಕೇಂಬ್ರಿಡ್ಜ್‌ನಲ್ಲಿ ಗಣಿತ, ಸಂಗೀತ ಓದಿದವರು. ರೇಡಿಯೋ, ಟಿವಿ ಕಾರ್ಯಕ್ರಮಗಳಿಗೆ ಸದ್ದು ಮಾಡಿಕೊಡುತ್ತಿದ್ದ ಲಂಡನ್ನಿನ ಬಿಬಿಸಿ ರೇಡಿಯೋಫೋನಿಕ್ ವರ್ಕ್‌ಶಾಪ್‌ನಲ್ಲಿ ಕೆಲಸ. 1963ರಲ್ಲಿ 'ಡಾಕ್ಟರ್ ಹೂ' ಧಾರಾವಾಹಿಗೆ ರಾನ್ ಗ್ರೇನರ್ ಬರೆದ ರಾಗ ಇವರ ಕೈಗೆ ಬಂತು. ಕೀಬೋರ್ಡ್ ಇಲ್ಲ. ಒಂದೇ ಒಂದು ತಂತಿ ಮೀಟಿದ ಸದ್ದು, ಪರೀಕ್ಷೆಗೆ ಬಳಸುವ ಆಸಿಲೇಟರ್, ಮತ್ತೆ ಬುಸುಗುಡುವ ಶಬ್ದ, ಅಷ್ಟೇ ಸಾಮಾನು. ಟೇಪಿನ ವೇಗ ದುಪ್ಪಟ್ಟು ಮಾಡಿದರೆ ಮಧ್ಯ ಷಡ್ಜ ತಾರ ಷಡ್ಜವಾಗುತ್ತದೆ, ಜೊತೆಗೆ ಸದ್ದಿನ ಅವಧಿ ಅರ್ಧಕ್ಕೆ ಕುಗ್ಗುತ್ತದೆ. ಹಾಗೆ ಬೇಕಾದ ಶ್ರುತಿಗೆಲ್ಲ ತುಣುಕು ಮಾಡಿಕೊಂಡು, ಅಳೆದು ಕತ್ತರಿಸಿ ಅಂಟಿಸಬೇಕು. ಸ್ಟುಡಿಯೋ ಟೇಪು ಸೆಕೆಂಡಿಗೆ 15 ಇಂಚು ಓಡುತ್ತದೆ ಅಂದುಕೊಳ್ಳಿ, ಅರ್ಧ ಸೆಕೆಂಡಿನ ಸ್ವರ ಅಂದರೆ ಏಳೂವರೆ ಇಂಚು ಟೇಪು. ತಾಳವನ್ನು ಸ್ಕೇಲಿನಿಂದ ಅಳೆಯುವ ಕೆಲಸ! ಹಲವು ಸದ್ದುಗಳನ್ನು ಒಂದೇ ಟೇಪಿನಲ್ಲಿ ಬೇರೆಬೇರೆಯಾಗಿ ಹಿಡಿದಿಡುವ ಮಲ್ಟಿಟ್ರ್ಯಾಕ್ ಯಂತ್ರವೂ ಇಲ್ಲದ್ದರಿಂದ, ಹೀಗೆ ಬೇರೆಬೇರೆಯಾಗಿ ಕಟ್ಟಿದ ಟೇಪುಗಳನ್ನು ಬೇರೆಬೇರೆ ಯಂತ್ರಗಳಲ್ಲಿ ಒಟ್ಟಿಗೆ ಶುರು ಮಾಡಿ ಬೆರೆಸಬೇಕಿತ್ತು, ಒಂದು ಕೊಂಚ ತಪ್ಪಿದರೂ ಮತ್ತೆ ಮೊದಲಿನಿಂದ.

ಇಷ್ಟಾದರೂ ಪರದೆ ಮೇಲೆ ಅವರ ಹೆಸರಿಲ್ಲ, ಗ್ರೇನರ್ ಮತ್ತು ವರ್ಕ್‌ಶಾಪ್ ಹೆಸರು ಮಾತ್ರ. ಡೀಲಿಯಾ 2001ರಲ್ಲಿ ತೀರಿಕೊಂಡರು. ಧಾರಾವಾಹಿ ಅವರ ಹೆಸರು ಹಾಕಿದ್ದು 2013ರ ವಿಶೇಷ ಕಂತಿನಲ್ಲಿ.

ಹಾಗಾದರೆ ಮೂಗ್ ಬದಲಿಸಿದ್ದೇನು? ವಿದ್ಯುತ್ ಒತ್ತಡದಿಂದಲೇ ಶ್ರುತಿ ಹಿಡಿತಕ್ಕೆ ಬಂತು. ಒಂದು ವೋಲ್ಟ್ ಏರಿಸಿದರೆ ಒಂದು ಸ್ಥಾಯಿ ಮೇಲೆ. ಹಾಗಂತ ಟೇಪು ಮೂಲೆ ಸೇರಲಿಲ್ಲ. ಆ ಯಂತ್ರ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು. 1968ರಲ್ಲಿ ವೆಂಡಿ ಕಾರ್ಲೋಸ್ ಅದರಲ್ಲಿ ಜರ್ಮನಿಯ ಹಳೆಯ ಸಂಗೀತಕಾರ ಬಾಕ್‌ನ ಸಂಗೀತ ನುಡಿಸಿದಾಗ, ಒಂದೊಂದು ಸಾಲನ್ನೂ ಬೇರೆಯಾಗಿ ಟೇಪಿಗೆ ತುಂಬಿ ಒಂದರ ಮೇಲೊಂದು ಪೇರಿಸಬೇಕಾಯಿತು.