ಪದ ಪರಿಚಯ: ಕ್ಷೇತ್ರಕಾರ್ಯ

ಕ್ಷೇತ್ರ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪುಣ್ಯಕ್ಷೇತ್ರ. ಚುನಾವಣೆ ಹತ್ತಿರವಾದರೆ ವಿಧಾನಸಭಾ ಕ್ಷೇತ್ರ. ಸಂಸ್ಕೃತದಲ್ಲಿ ಈ ಪದಕ್ಕೆ ಹೊಲ ಎಂಬ ಅರ್ಥವೂ ಇದೆ. ಕ್ಷೇತ್ರಕಾರ್ಯ ಎಂಬ ಪದಕ್ಕೆ ಮಣ್ಣಿನ ವಾಸನೆ ಬಂದಿರುವುದು ಆ ಹೊಲದಿಂದಲೇ. ಮಾನವಶಾಸ್ತ್ರದವರೂ ಜಾನಪದ ವಿದ್ವಾಂಸರೂ ಬಳಸಿ ಬಳಸಿ ಇದನ್ನು ಕನ್ನಡದಲ್ಲಿ ರೂಢಿಗೆ ತಂದರು. ಜನ ಬದುಕುತ್ತಿರುವಲ್ಲಿಗೇ ಹೋಗಿ, ಅವರೊಂದಿಗೆ ಇದ್ದು, ನೋಡಿ, ಕೇಳಿ, ದಾಖಲಿಸಿಕೊಳ್ಳುವ ಕೆಲಸಕ್ಕೆ ಈ ಹೆಸರು. ಹಾಡಿದವರನ್ನು, ಕಥೆ ಹೇಳಿದವರನ್ನು ಜಾನಪದದವರು 'ವಕ್ತೃ' ಎನ್ನುತ್ತಾರೆ. ಮಾತು ಅವರದು, ಕಿವಿ ನಮ್ಮದು ಎಂಬುದು ಆ ಪದದಲ್ಲೇ ತೀರ್ಮಾನವಾಗಿದೆ. ನನಗೆ ಬಹಳ ಪ್ರಿಯವಾದ ಪದವಿದು.

ಈಗ ಕ್ಷೇತ್ರಕಾರ್ಯ ಪ್ರೌಢಶಾಲೆಯ ಅಂಗಳಕ್ಕೂ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಕಲೆಯನ್ನು ಎಲ್ಲ ವಿಷಯಗಳ ಕಲಿಕೆಯೊಳಗೆ ಬೆರೆಸಬೇಕೆಂದು ಹೇಳಿತು. 6ರಿಂದ 8ನೇ ತರಗತಿಯವರಿಗೆ ಹತ್ತು ದಿನ ಚೀಲವಿಲ್ಲದ ಕಲಿಕೆ ಇರಲಿ, ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದೂ ಸೂಚಿಸಿತು. ಆದರೆ ಎಷ್ಟೋ ಕಡೆ ಇದೆಲ್ಲ ಬಣ್ಣದ ಚಾರ್ಟು, ಥರ್ಮಾಕೋಲ್ ಮಾದರಿಗಳಲ್ಲೇ ಮುಗಿದುಹೋಗುತ್ತದೆ. ವಿಜ್ಞಾನದ ಪಾಠಕ್ಕೆ ಅಂಚಿನಲ್ಲಿ ಹೂಬಳ್ಳಿ ಬಿಡಿಸಿದರೆ ಕಲೆ ಬೆರೆತಂತಲ್ಲ. ಹಾಗಾದರೆ ಬೆರೆಯುವುದು ಹೇಗೆ? ಮಲೆನಾಡಿನ ಹಸೆ ಚಿತ್ತಾರವನ್ನೇ ನೋಡೋಣ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಗೆ ಹಸೆಗೋಡೆಯ ಮೇಲೂ, ಭೂಮಿಪೂಜೆಯ ಹಬ್ಬವಾದ ಭೂಮಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಬುಟ್ಟಿಯ ಮೇಲೂ ಬರೆಯುವ ಚಿತ್ರವಿದು. ಹೌದು, 'ಬರೆಯುವ'. ಅಕ್ಷರಕ್ಕೂ ಚಿತ್ರಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ ಸಾಕು. ಭಾಷೆಯ ಮೇಷ್ಟ್ರಿಗೆ ಇದೊಂದೇ ಅರ್ಧ ಗಂಟೆಯ ಪಾಠ. ಸಗಣಿ, ಕೆಮ್ಮಣ್ಣು ಬಳಿದ ಬುಟ್ಟಿ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಕಾಗುವಷ್ಟು ಹುರಿದ ಅಕ್ಕಿ, ಹಳದಿಗೆ ಕಾಡಿನ ಗುರಿಗೆ ಮರದ ಕಾಯಿ. ಕುಂಚ ಪುಂಡಿ ನಾರಿನದು.

ಹೀಗೆ ಬುಟ್ಟಿ ಬರೆಯುತ್ತಿರುವ ಅಜ್ಜಿಯೊಬ್ಬರ ಬಳಿಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಬಂದಳೆನ್ನಿ. ಮೊಬೈಲಿನಲ್ಲಿ ಚಿತ್ರ ಹಿಡಿದಿದ್ದರೆ ಒಂದು ಕ್ಷಣದಲ್ಲಿ ಮುಗಿಯುತ್ತಿತ್ತು. ಕೈಯಲ್ಲೇ ಬರೆದುಕೊಳ್ಳಲು ಕೂತಾಗ ಎಣಿಸಲೇಬೇಕಾಗುತ್ತದೆ: ಅಂಚಿನಲ್ಲಿ ಎಷ್ಟು ಎಳೆ, ಯಾವ ಎಳೆ ಎಲ್ಲಿ ಇನ್ನೊಂದನ್ನು ದಾಟುತ್ತದೆ, ಎಡಗಡೆಯ ತ್ರಿಕೋನ ಬಲಕ್ಕೆ ತಿರುಗುವಾಗ ತಲೆಕೆಳಗಾಗುತ್ತದೆಯೋ ಇಲ್ಲವೋ. ಸ್ಕೇಲಿಲ್ಲದ ಆ ಅಜ್ಜಿಯ ಗೆರೆ ನೆಟ್ಟಗಿದೆ, ಸ್ಕೇಲಿಟ್ಟು ಎಳೆದ ತನ್ನ ಗೆರೆ ಮೂಲೆಗೆ ಬರುವಾಗ ಕೂಡಿಕೊಳ್ಳುತ್ತಿಲ್ಲ. ಸಮಮಿತಿ ಎಂಬ ಪದ ಗಣಿತದ ಪುಸ್ತಕದಿಂದೆದ್ದು ಅವಳ ಬೆರಳಿಗೆ ಇಳಿಯುವುದು ಆಗ. ಅಕ್ಕಿಹಿಟ್ಟಿನ ಗೆರೆ ಒಣಗಿದ ಮೇಲೂ ಉದುರದಿರುವುದೇಕೆ ಎಂದು ಕೇಳಿದರೆ ಪಿಷ್ಟದ ರಸಾಯನ ವಿಜ್ಞಾನ ಶುರು. ಕೆಮ್ಮಣ್ಣು ಕೆಂಪೇಕೆ ಎಂದರೆ ಕಬ್ಬಿಣದ ಆಕ್ಸೈಡು. ಗುರಿಗೆ ಈಗ ಎಲ್ಲಿ ಸಿಗುತ್ತದೆ, ಸಿಗದಿದ್ದರೆ ಏಕೆ ಎಂದು ಕೇಳಿದಳೋ, ಕಾಡಿನ ಕಥೆಯೇ ಬಿಚ್ಚಿಕೊಳ್ಳುತ್ತದೆ. ಬುಟ್ಟಿ ಹೊಲಕ್ಕೇಕೆ ಹೋಗುತ್ತದೆ? ತೆನೆ ಕಟ್ಟುವ ಹೊತ್ತಿನ ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಒಯ್ಯಬೇಕು. ಇದನ್ನು ಮಾತ್ರ ಪಠ್ಯದಲ್ಲಿ ಹುಡುಕಿದರೆ ಸಾಲದು. ಅಜ್ಜಿಯ ಬಾಯಿಂದಲೇ ಕೇಳಬೇಕು.

ಶಾಲಾ ಪ್ರವಾಸಕ್ಕೂ ಇದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಪ್ರವಾಸದಲ್ಲಿ ಬಸ್ಸು ಇಳಿದು ನೋಡಿ ಬಸ್ಸು ಹತ್ತುತ್ತೇವೆ. ಕ್ಷೇತ್ರಕಾರ್ಯಕ್ಕೆ ಎರಡನೇ ಸಲ, ಮೂರನೇ ಸಲ ಹೋಗಬೇಕು. ಮೊದಲ ಭೇಟಿಯಲ್ಲಿ ಬರೀ ಪರಿಚಯವಾದರೂ ಸಾಕು. ಫೋಟೋ ತೆಗೆಯುವ ಮುನ್ನ, ಮಾತು ಧ್ವನಿಮುದ್ರಿಸುವ ಮುನ್ನ "ಆಗಬಹುದೇ ಅಜ್ಜಿ?" ಎಂದು ಕೇಳಬೇಕು, ಬೇಡವೆಂದರೆ ಮೊಬೈಲು ಚೀಲದೊಳಕ್ಕೆ ಹೋಗಬೇಕು. ಶಾಲೆಯ ಪ್ರದರ್ಶನದಲ್ಲಿ ಬರೆದವರ ಹೆಸರು, ಅವರು ಒಪ್ಪಿದರೆ, ಮಕ್ಕಳ ಹೆಸರಿಗಿಂತ ಮೊದಲು ಇರಬೇಕು. ಪ್ರದರ್ಶನಕ್ಕೆ ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಬೇಕು. ತಮ್ಮ ಚಿತ್ತಾರದಲ್ಲಿ ಮಕ್ಕಳು ಏನು ತಪ್ಪಿದ್ದಾರೆಂದು ಹೇಳುವ ಹಕ್ಕು ಅವರಿಗೇ ಸೇರಿದ್ದು.

ಒಂದು ತೊಡಕು ಮಾತ್ರ ಶಾಲೆಗಳು ಮೊದಲೇ ಗಮನಿಸಬೇಕು. ಭೂಮಿ ಹುಣ್ಣಿಮೆ ಬರುವುದು ದಸರೆ ಮುಗಿದ ಬೆನ್ನಿಗೆ, ಆಶ್ವಯುಜದ ಹುಣ್ಣಿಮೆಗೆ. ಬುಟ್ಟಿ ಬರೆಯುವ ದಿನಗಳು ಹೆಚ್ಚಿನ ವರ್ಷ ದಸರಾ ರಜೆಯಲ್ಲೇ ಬೀಳುತ್ತವೆ. ಶಾಲೆ ತೆರೆದ ಮೇಲೆ ಹೋದರೆ ಬುಟ್ಟಿ ಅಟ್ಟ ಸೇರಿರುತ್ತದೆ. ಆಗಸ್ಟಿನಲ್ಲೇ ಒಮ್ಮೆ ಹೋಗಿ, ಮನೆಯವರ ಪರಿಚಯ ಮಾಡಿಕೊಂಡು, ಯಾವತ್ತು ಬರಬಹುದೆಂದು ಅವರನ್ನೇ ಕೇಳಿ ಬರುವುದು ಒಳ್ಳೆಯದು.